ವಿಡಿಯೋಗೆ ಅಕ್ಷರ ಹಾಕೋದು ಶೋಕಿ ಅಲ್ಲ ಸ್ವಾಮಿ

ಹೋದ ವಾರ ಅಕ್ಕಡಿ ಸಾಲಿನ ವಿಡಿಯೋಗೆ ಕ್ಯಾಪ್ಶನ್ ಹಾಕ್ತಾ ಕೂತಿದ್ದೆ. ಪಕ್ಕದ ತೋಟದ ಅಣ್ಣ ನೋಡಿ ನಕ್ಕರು. "ಹೊಲ ಬಿಟ್ಟು ಟೈಪಿಂಗ್ ಕಲೀತಿದ್ಯೇನಪ್ಪ? ವ್ಯೂಸ್ ಬೇಕಂದ್ರೆ ಥಂಬ್‌ನೇಲ್‌ನಲ್ಲಿ 'ಎಕರೆಗೆ ಹತ್ತು ಲಕ್ಷ' ಅಂತ ಬರಿ" ಅಂದ್ರು. ಕೃಷಿ ವಿಡಿಯೋ ಮಾಡೋ ನಮ್ಮಲ್ಲಿ ಬಹಳ ಜನರ ಮನಸ್ಸಲ್ಲೂ ಇದೇ ಇದೆ. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲೂ ಬರೀತೀನಿ, ಬೇಜಾರಾದ್ರೂ ಓದಿ.

ಕೆಂಗೇರಿಗೆ ಮೆಟ್ರೋ ಬಂದದ್ದು 2021ರ ಆಗಸ್ಟ್‌ನಲ್ಲಿ. ಊರಲ್ಲಿ ಎರಡೆಕರೆ, ಸಿಟಿಯಲ್ಲಿ ಕೆಲಸ ಇರೋರು ಇದರಲ್ಲೇ ಓಡಾಡ್ತಾರೆ. ಕೈಯಲ್ಲಿ ವಿಡಿಯೋ ಓಡ್ತಿರುತ್ತೆ, ಸೌಂಡ್ ಇರಲ್ಲ. ಅಕ್ಷರ ಇಲ್ಲದಿದ್ರೆ ಅಲ್ಲಿ ನಾವು ಸುಮ್ನೆ ಬಾಯಿ ಆಡಿಸೋ ಗೊಂಬೆಗಳು. ಕಿವಿ ಕೇಳದವರಿಗಂತೂ ಯಾವಾಗಲೂ ಹಾಗೇ.

ಇನ್ನು ಹುಡುಕಾಟದ ಮಾತು. ರಾಗಿ ಮಧ್ಯೆ ಅವರೆ, ತೊಗರಿ, ಹುಚ್ಚೆಳ್ಳು ಸಾಲು ಹೇಗೆ ಬಿಡಬೇಕು ಅಂತ ಇಪ್ಪತ್ತು ನಿಮಿಷ ಹೇಳ್ತೀವಿ. ಟೈಟಲ್ ಮಾತ್ರ 'ಸೂಪರ್ ಐಡಿಯಾ'. 'ಅಕ್ಕಡಿ ಸಾಲು' ಅಂತ ಹುಡುಕೋ ರೈತನಿಗೆ ನಾವು ಸಿಗೋದು ಹೇಗೆ? ಚಿತ್ರದ ಮೇಲೆ ಅಂಟಿಸಿದ ಬಣ್ಣದ ಅಕ್ಷರ ಚಿತ್ರದ ಭಾಗವೇ ಆಗಿಬಿಡುತ್ತೆ. ಎಸ್‌ಆರ್‌ಟಿ ಫೈಲ್ ಹಾಗಲ್ಲ. ಯಾವ ಸೆಕೆಂಡಿಂದ ಯಾವ ಸೆಕೆಂಡಿಗೆ ಯಾವ ಮಾತು ಅಂತ ಬರೆದಿಟ್ಟ ಸಾದಾ ಬರಹ ಅದು. ಯಂತ್ರ ಓದಬಹುದು, ಬೇಡದವರು ಆಫ್ ಮಾಡಬಹುದು, ಬೇಕಾದವರು ಟ್ರಾನ್ಸ್‌ಕ್ರಿಪ್ಟ್ ತೆಗೆದು 'ಹುಚ್ಚೆಳ್ಳು' ಅಂತ ಹುಡುಕಿ ನೇರ ಆ ಜಾಗಕ್ಕೆ ಹೋಗಬಹುದು.

"ಯಂತ್ರವೇ ಬರ್ಕೊಳ್ಳುತ್ತಲ್ಲ?" ಅಂತೀರಿ. ನಾನೂ ಒಂದು ಆಪ್ ನಂಬಿದ್ದೆ. ಲೀಟರ್ ನೀರಿಗೆ ಬೇವಿನ ಎಣ್ಣೆ ಐದು ಎಂ.ಎಲ್. ಅಂದಿದ್ದೆ, ಅದು ಐವತ್ತು ಅಂತ ಬರೆದಿತ್ತು. ಕಣ್ಣಿಗೆ ಬಿದ್ದದ್ದು ಪುಣ್ಯ. ಸೌಂಡ್ ಇಲ್ಲದೆ ಓದಿಕೊಂಡು ಹೋಗಿ ಹೊಡೆದವನ ಗಿಡದ ಎಲೆ ಸುಟ್ಟರೆ ಯಾರು ಹೊಣೆ? 'ಅಕ್ಕಡಿ' ಅಂದದ್ದು 'ಅಕ್ಕ ಅಡಿ' ಆಗಿತ್ತು. ಹಾಗೇ ಬಿಟ್ಟಿದ್ರೆ ಹುಡುಕಿದವರಿಗೂ ಸಿಗ್ತಿರಲಿಲ್ಲ.

ಯೂಟ್ಯೂಬ್‌ನಲ್ಲಿ ಮೊದಲು ನೋಡುಗರೇ ಕ್ಯಾಪ್ಶನ್ ಬರೆದುಕೊಡೋ ಅನುಕೂಲ ಇತ್ತು. 2020ರ ಸೆಪ್ಟೆಂಬರ್‌ನಲ್ಲಿ ಅದನ್ನ ತೆಗೆದರು. ಈಗ ನಮ್ಮ ಹೊಲದ ಕಳೆ ನಾವೇ ಕೀಳಬೇಕು.

ಕ್ಯಾಪ್ಶನ್ ಹಾಕಿದ ತಕ್ಷಣ ಲಕ್ಷ ವ್ಯೂಸ್ ಬರುತ್ತೆ ಅಂತ ನಾನು ಹೇಳ್ತಿಲ್ಲ. ಸಪ್ಪೆ ವಿಡಿಯೋ ಅಕ್ಷರ ಹಾಕಿದ್ರೂ ಸಪ್ಪೆಯೇ. ಹುಡುಕಾಟಕ್ಕೆ ಸಿಗಲಿ ಅಂತ ಆಡದ ಮಾತನ್ನ ತುರುಕೋದು ಎಕರೆಗೆ ಹತ್ತು ಲಕ್ಷ ಅನ್ನೋಷ್ಟೇ ಮೋಸ. ಆಡಿದ್ದನ್ನ ಆಡಿದ ಹಾಗೆ, ನಮ್ಮ ಕಡೆ ಕನ್ನಡದಲ್ಲೇ ಬರೆದ್ರೆ ಸಾಕು. ಕೂರಿಗೆಗೆ ಕೂರಿಗೆ ಅಂತಲೇ ಬರೀರಿ.

ಇವತ್ತು ಒಂದೇ ವಿಡಿಯೋ ತಗೊಳ್ಳಿ, ಜನ ಜಾಸ್ತಿ ಫೋನ್ ಮಾಡಿ ಕೇಳೋ ವಿಷಯದ್ದು. ಯಂತ್ರ ಬರೆದದ್ದನ್ನ ತೆಗೆದು ಮೊದಲು ಅಂಕಿ ತಿದ್ದಿ, ಆಮೇಲೆ ಔಷಧಿ ಹೆಸರು, ತಳಿ ಹೆಸರು. ಮಿಕ್ಕಿದ್ದು ನಾಳೆ ಮಾಡಿದ್ರೂ ನಡೆಯುತ್ತೆ.