ಸಗಣಿಗೂ ಕಲ್ಲಿಗೂ ಜಾತಿಯುಂಟೆ?

ಕಳೆದ ತಿಂಗಳು ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಕಲಾವಿದೆ ಶೀಲಾ ಗೌಡರ ಮಾತು ಬಂತು. ಅವರ ಕೃತಿಗಳ ಚಿತ್ರಗಳಿದ್ದ ಪುಸ್ತಕವನ್ನು ತಿರುವಿಹಾಕಿದ ಹಿರಿಯ ಮಿತ್ರರೊಬ್ಬರು, “ಸಗಣಿ, ಕೂದಲು, ಡಾಂಬರು ಪೀಪಾಯಿ! ಇದೂ ಕಲೆಯಾದರೆ ನಮ್ಮ ಕೊಟ್ಟಿಗೆಯೇ ಕಲಾಶಾಲೆ” ಎಂದರು. ಎಲ್ಲರೂ ನಕ್ಕರು. ನಗುವುದಕ್ಕೆ ನನ್ನ ಅಡ್ಡಿಯಿಲ್ಲ. ನಕ್ಕಮಾತ್ರಕ್ಕೆ ವಿಮರ್ಶೆ ಮುಗಿಯಿತೆಂದು ತಿಳಿಯುವುದಕ್ಕೆ ಅಡ್ಡಿಯಿದೆ.

1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರು ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತವರು. ಕುಂಚ ಹಿಡಿಯಲು ಬಾರದೆ ಸಗಣಿಗೆ ಕೈಹಾಕಿದವರಲ್ಲ. ವರ್ಣಚಿತ್ರದಲ್ಲಿ ಪಳಗಿದ ಕೈ ಅದು. 1990ರ ದಶಕದ ಮೊದಲಲ್ಲಿ, ಕೋಮುಗಲಭೆಗಳಿಂದ ದೇಶ ತತ್ತರಿಸುತ್ತಿದ್ದ ಕಾಲದಲ್ಲಿ, ಅವರು ಸಗಣಿಯ ಕಡೆ ತಿರುಗಿದರು. ಪೂಜೆಯ ನೆಲಕ್ಕೆ ಸಾರಿಸುವುದೂ ಅದೇ, ಬಡವಿ ಬೆರಣಿ ತಟ್ಟಿ ಒಲೆಗೆ ಇಡುವುದೂ ಅದೇ. ಕಾವ್ಯಮೀಮಾಂಸೆ ಪಾಠಮಾಡುವ ನಾವು, ಶಬ್ದಕ್ಕೆ ವಾಚ್ಯಾರ್ಥ ಒಂದಾದರೆ ಧ್ವನಿ ಇನ್ನೊಂದು ಎಂದು ಹುಡುಗರಿಗೆ ಹೇಳುತ್ತೇವೆ. ಶಬ್ದಕ್ಕಿರುವ ಧ್ವನಿ ವಸ್ತುವಿಗೆ ಇರಬಾರದೆ?

“ಇಂಥದನ್ನು ಯಾರು ಬೇಕಾದರೂ ಮಾಡಬಹುದು” ಎಂಬುದು ಎರಡನೆಯ ಆಕ್ಷೇಪ. 1998ರ ಕೃತಿಯೊಂದರಲ್ಲಿ ಅವರು ನೂರಾರು ಅಡಿ ದಾರವನ್ನು ಸೂಜಿಯ ಕಣ್ಣಿನೊಳಗೆ ಎಳೆದು, ಅಂಥ ಎಳೆಗಳನ್ನು ಕುಂಕುಮ ಮತ್ತು ಅಂಟಿನಿಂದ ಕೂಡಿಸಿ ಕೆಂಪು ಹಗ್ಗ ಮಾಡಿದರು. ತುದಿಯಲ್ಲಿ ಸೂಜಿಗಳ ಗೊಂಚಲು. ಆಕ್ಷೇಪಿಸುವವರು ಒಂದು ಸೂಜಿಯನ್ನಾದರೂ ಹಾಗೆ ಪೋಣಿಸಿ ನೋಡಲಿ. ಅದರ ಅರ್ಥ ಕೊಳ್ಳೇಗಾಲದವರಿಗೆ ಆಗದಿದ್ದರೆ ಇನ್ನಾರಿಗೆ ಆದೀತು? ನಮ್ಮೂರ ರೇಷ್ಮೆ ಸೀರೆಯನ್ನು ಮದುವೆಮನೆಯಲ್ಲಿ ಹೊಗಳುತ್ತೇವೆ. ಗೂಡು ಬೇಯಿಸಿ ನೂಲು ತೆಗೆದವರ ಬಿಸಿನೀರಿನಲ್ಲಿ ಬೆಂದ ಬೆರಳುಗಳ ಸುದ್ದಿ ಎತ್ತುವುದಿಲ್ಲ. ಆ ಹಗ್ಗ ಅಂಥ ಬೆರಳುಗಳನ್ನೇ ನೆನಪಿಗೆ ತರುತ್ತದೆ.

2009ರ ವೆನಿಸ್ ಪ್ರದರ್ಶನದಲ್ಲಿ ಅವರು ಕಾರುಗಳ ಬಂಪರುಗಳನ್ನು ಕೂದಲಿನ ಹಗ್ಗದಿಂದ ತೂಗುಹಾಕಿದರು. ಹಗ್ಗದ ಉದ್ದ ಸುಮಾರು 4 ಕಿಲೋಮೀಟರು. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವ ಹಗ್ಗವೇ ಅದು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದವರಿಗೆ ಕೂದಲೆಂದರೆ ಏನೆಂದು ಬಿಡಿಸಿ ಹೇಳಬೇಕೆ? ಮಗನಿಗೆ ಜ್ವರ ಬಿಡದಿದ್ದಾಗ ಹರಕೆ ಹೊತ್ತು, ಅಲ್ಲಿ ಅವನ ಮುಡಿ ಕೊಡಿಸಿದವನು ನಾನು. ಅಂದು ನೆಲಕ್ಕೆ ಬಿದ್ದ ಕೂದಲು ನನ್ನ ಕಣ್ಣಿಗೆ ಕಸವಾಗಿ ಕಂಡಿರಲಿಲ್ಲ.

“ಕಲ್ಲು, ಕಂಚು ಇದ್ದರೆ ಶಿಲ್ಪ” ಎನ್ನುವವರು ಯಳಂದೂರಿಗೆ ಬರಲಿ. ಗೌರೀಶ್ವರನ ಗುಡಿಯ ಮುಂದಿನ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳ ಸರಪಳಿ ತೂಗುತ್ತದೆ. ಕಲ್ಲು ಕಲ್ಲಿನಂತೆಯೇ ಇರಬೇಕೆಂಬ ಕಟ್ಟಳೆಯನ್ನು ಆ ಶಿಲ್ಪಿ ಅಂದೇ ಮುರಿದ. ಅವನನ್ನು ಹೊಗಳುವ ಬಾಯಿ ಈಕೆಯನ್ನು ಹಳಿಯುವುದೇಕೆ? ಸಗಣಿ ಬಳಿಯುವುದು ಹೆಂಗಸರ ಕೆಲಸ, ಕೂದಲು ಮುಟ್ಟುವುದು ಕೀಳು ಕೆಲಸ ಎಂಬ ಹಳೆಯ ಭಾವನೆ ರಸಿಕತೆಯ ಮುಸುಕು ಹೊದ್ದು ಮಾತಾಡುತ್ತಿದೆಯೆಂದೇ ನನ್ನ ಅನುಮಾನ.

ಒಂದು ಮಾತನ್ನು ಮಾತ್ರ ಮಿತ್ರರಿಗೆ ಬಿಟ್ಟುಕೊಡುತ್ತೇನೆ: ಇಂಥ ಕಲೆಗೆ ವಿವರಣೆ ಬೇಕು, ಆ ವಿವರಣೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ. ಆ ತಪ್ಪು ಕಲಾವಿದೆಯದಲ್ಲ, ಕನ್ನಡ ಬರೆಯುವ ನಮ್ಮದು. ನಾನೂ ಆ ಕೃತಿಗಳನ್ನು ಚಿತ್ರಗಳಲ್ಲಿ ಮಾತ್ರ ಕಂಡವನು. ಈ ತನಕ ಅವುಗಳ ಬಗ್ಗೆ ಒಂದು ಪುಟ ಬರೆದವನಲ್ಲ. ಇದು ಮೊದಲನೆಯದು. ಮಿತ್ರರು ಉತ್ತರ ಬರೆದರೆ ಸಂತೋಷ. ಬರಿದೆ ನಕ್ಕರೆ ಈ ಸಲ ಸಾಲದು.