ದೂರದ ಓಟಕ್ಕೆ ಯಾವ ರುಚಿ?

ಬೆಳಗಿನ ಜಾವ ಹೊಸಕೆರೆಹಳ್ಳಿಯ ವರ್ತುಲ ರಸ್ತೆಯಲ್ಲಿ ಓಡುವ ತರುಣರ ಜೇಬಿನಲ್ಲಿ ಈಗ ಸಣ್ಣ ಪೊಟ್ಟಣಗಳಿರುತ್ತವೆ. ಒಳಗಿರುವುದು ಸಕ್ಕರೆಯ ಪಾಕದಂಥ ಲೇಹ್ಯ. ರುಚಿ ಸ್ಟ್ರಾಬೆರಿಯದೋ ವೆನಿಲದೋ ಚಾಕೊಲೇಟಿನದೋ. ನಮ್ಮ ನಾಲಗೆಗೆ ಬೇರೆ ರುಚಿಗಳೇ ತಿಳಿಯವೆಂದು ತಯಾರಕರು ಬಗೆದಂತಿದೆ.

ಇದು ಬರಿಯ ಚಪಲದ ಮಾತಲ್ಲ. ನಮ್ಮ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗಿರುವ ಗ್ಲೈಕೋಜನ್ ಸುಮಾರು 500 ಗ್ರಾಂ ಮಾತ್ರ. ಬಿರುಸಾಗಿ ಓಡುವವನಿಗೆ ಅದು ಒಂದೂವರೆ ಎರಡು ಗಂಟೆ ಸಾಲಬಹುದು. 42 ಕಿಲೋಮೀಟರಿನ ಮ್ಯಾರಥಾನಿಗೆ ಸಾಲದು. ಆದುದರಿಂದ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟವನ್ನು ಓಡುತ್ತಲೇ ಸೇವಿಸಬೇಕು. ಒಂದೇ ಬಗೆಯ ಸಿಹಿಯನ್ನು ಮತ್ತೆ ಮತ್ತೆ ನುಂಗಿದರೆ ನಾಲಗೆ ಬೇಸರಗೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ಪೊಟ್ಟಣ ಜೇಬಿನಲ್ಲಿಯೇ ಉಳಿಯುತ್ತದೆ. ಓಟಗಾರ ದಾರಿಯಲ್ಲಿ ಕುಸಿಯುತ್ತಾನೆ.

ಸಿಹಿಯೇ ಶಕ್ತಿಯೆಂಬ ಭ್ರಮೆಯನ್ನು ಬಿಡಬೇಕು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೈಕಲ್ ಸವಾರರು ಪಿಷ್ಟಜನ್ಯವಾದ ಮಾಲ್ಟೊಡೆಕ್ಸ್‌ಟ್ರಿನ್ ದ್ರಾವಣದಿಂದ ಬಾಯಿ ಮುಕ್ಕಳಿಸಿ ಉಗುಳಿದರು. ಹೋಲಿಕೆಗೆಂದು ಕೊಟ್ಟ ಬರಿಯ ನೀರಿಗೂ ಕೃತಕವಾದ ಸಿಹಿಯನ್ನು ಬೆರೆಸಿದ್ದರು. ಆದರೂ ಪಿಷ್ಟವಿದ್ದ ದ್ರಾವಣದಿಂದಲೇ ಸವಾರಿ ಬೇಗ ಮುಗಿಯಿತು! ಬಾಯಿ ಸಿಹಿಯನ್ನಲ್ಲದೆ ಪಿಷ್ಟವನ್ನೂ ಗುರುತಿಸಿ ಮಿದುಳಿಗೆ ತಿಳಿಸುವಂತಿದೆ. ಹಾಗಿದ್ದ ಮೇಲೆ ಹುಳಿ, ಉಪ್ಪು, ಖಾರಗಳಿಗೇಕೆ ನಿಷೇಧ?

ರಾಮನವಮಿಯ ಪಾನಕವನ್ನೇ ನೋಡಿ. ಬೆಲ್ಲ, ನಿಂಬೆಹುಳಿ, ಶುಂಠಿ, ಏಲಕ್ಕಿ, ಮೆಣಸು. ಬೆಲ್ಲದ ಬಹುಭಾಗ ಸುಕ್ರೋಸ್. ಅದು ಕರುಳಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವೆರಡನ್ನೂ ಕರುಳಿನ ಗೋಡೆಯಲ್ಲಿ ಬೇರೆ ಬೇರೆ ವಾಹಕಗಳು ಹೀರಿಕೊಳ್ಳುವುದರಿಂದ ಒಂದರ ದಾರಿಗೆ ಮತ್ತೊಂದು ಅಡ್ಡಬರುವುದಿಲ್ಲ. ಚಿಟಿಕೆ ಉಪ್ಪು ಸೇರಿಸಿದರೆ ಬೆವರಿನಲ್ಲಿ ಕಳೆದ ಸೋಡಿಯಮ್ಮಿನ ಒಂದಂಶವೂ ಮರಳುತ್ತದೆ. ಹಬ್ಬದ ಪಾನಕ ಓಟಕ್ಕೆ ಅತಿಸಿಹಿ. ಲೀಟರಿಗೆ 60 ಗ್ರಾಂ ಬೆಲ್ಲ ಸಾಕು. ಮೆಣಸಿನಲ್ಲಿ ಕೈ ಬಿಗಿಯಾಗಿರಲಿ. ಅಭ್ಯಾಸದ ದಿನ ಕುಡಿದು ನೋಡದೆ ಸ್ಪರ್ಧೆಯ ದಿನ ಕುಡಿಯುವುದು ಅವಿವೇಕ. ಕಡಲೆಕಾಯಿ ಚಿಕ್ಕಿ ನನಗೆ ಪ್ರಿಯವೇ. ಆದರೆ ಅದರ ಕೊಬ್ಬು ನಿಧಾನವಾಗಿ ಜೀರ್ಣವಾಗುವುದರಿಂದ ಓಟದ ಅನಂತರಕ್ಕೆ ಇಟ್ಟುಕೊಳ್ಳುವುದು ಮೇಲು.

ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಉಂಟು. ಹುಣಸೆ, ಬೆಲ್ಲ, ಶುಂಠಿಗಳ ಪಾಕವನ್ನು ಕೆಡದಂತೆ ಪೊಟ್ಟಣದಲ್ಲಿರಿಸುವುದು ಈ ನಾಡಿಗೆ ಬಾರದ ವಿದ್ಯೆಯಲ್ಲ.

2008ರಿಂದ ಬೆಂಗಳೂರಿನಲ್ಲಿ ನಡೆದುಬಂದಿರುವ 10 ಕಿಲೋಮೀಟರಿನ ಓಟಕ್ಕೆ ಹೆಸರು ಕೊಡುವ ವಿದ್ಯಾರ್ಥಿಗಳಿಗೆ ಮಾತ್ರ ಇವಾವುವೂ ಬೇಡ. ಒಂದು ಗಂಟೆಯ ಓಟಕ್ಕೆ ಹಿಂದಿನ ರಾತ್ರಿಯ ಊಟವೂ ದಾರಿಯಲ್ಲಿ ನಾಲ್ಕು ಗುಟುಕು ನೀರೂ ಸಾಕು. ಪೊಟ್ಟಣಕ್ಕೆ ತೆರುವ ಹಣದಲ್ಲಿ ಓಟ ಮುಗಿಸಿ ಮಸಾಲೆದೋಸೆ ತಿನ್ನಬಹುದು.