ಐಕ್ಳು ಮೃಗ ಅನ್ನೋರಿಗೆ ನನ್ನ ಉತ್ತರ

ಹೋದ ತಿಂಗಳು ನಮ್ಮಟ್ಟೀಲಿ ಮಾವನೋರ ವರ್ಷದ ತಿಥಿ ಆಯ್ತಲ್ಲ, ನಿಮ್ಮಲ್ಲಿ ಸುಮಾರು ಜನ ಬಂದಿದ್ರಿ. ಅವತ್ತು ಗಂಡಸ್ರ ಪಂಕ್ತೀಗೆ ನಾನು ಸಾರು ಬಡಿಸ್ತಾ ಇದ್ದೆ. ನೆಂಟ್ರು ಒಬ್ರು, ಹೆಸ್ರು ಬ್ಯಾಡ, ಓದ್ಕಂಡಿರೋರು, ನನ್ನ ಮಗಳಿಗೆ ಬುದ್ಧಿ ಹೇಳ್ತಾ ಕುಂತಿದ್ರು. "ನಿನ್ನ ಮಗನಿಗೆ ಏಳು ತುಂಬ್ತಲ್ಲ, ಹಾಸ್ಟೆಲ್‌ಗೆ ಹಾಕು. ಅದೂ ಎರಡೇಟು ಬೀಳೋ ಕಡೆ ನೋಡಿ ಹಾಕು. ಐಕ್ಳು ಹುಟ್ತಾನೇ ಮೃಗ ಕಣಮ್ಮ. ಹೆದರಿಕೆ ಒಂದೇ ಅವನ್ನ ಮನುಷ್ಯರನ್ನಾಗಿ ಮಾಡೋದು. ಇದು ನನ್ನ ಮಾತಲ್ಲ, ಇಂಗ್ಲಿಷ್ನೋನೊಬ್ಬ ಪುಸ್ತಕಾನೇ ಬರೆದವ್ನೆ. ದ್ವೀಪದಲ್ಲಿ ಒಂಟಿಯಾದ ಹುಡುಗ್ರು ಒಬ್ರನ್ನೊಬ್ರು ಕೊಂದ್ಕೊತಾರೆ. ಅದಕ್ಕೆ ನೊಬೆಲ್ ಪ್ರಶಸ್ತಿ ಬಂದದೆ" ಅಂದ್ರು.

ಪಂಕ್ತೀಲಿದ್ದೋರೆಲ್ಲ ಹೂಂ ಹೂಂ ಅಂದ್ರು. ಮಗಳು ನನ್ನ ಮುಖ ನೋಡಿದ್ಲು. ನನ್ನ ಕೈಲಿ ಸೌಟಿತ್ತು, ಬಾಯಲ್ಲಿ ಉತ್ತರ ಇರ್ಲಿಲ್ಲ. "ಇನ್ನೊಸಿ ಸಾರು ಹಾಕ್ಲಾ" ಅಂದು ಮುಂದಕ್ಕೋದೆ. ಅವತ್ತು ರಾತ್ರಿ ನಿದ್ದೆ ಹತ್ಲಿಲ್ಲ ಕಣ್ರವ್ವ. ಉತ್ತರ ಈಗ ಬರೀತಾ ಇವ್ನಿ.

ಮೊದ್ಲು ಆ ಪುಸ್ತಕ ತರಿಸ್ದೆ. ತಂಗಿ ಮಗಳು ಬೆಂಗಳೂರಲ್ಲಿ ಬಿಎ ಓದ್ತಾಳಲ್ಲ, ಅವಳ ಹತ್ರ ಇತ್ತು. 'ಲಾರ್ಡ್ ಆಫ್ ದಿ ಫ್ಲೈಸ್', ನೊಣಗಳ ದೊರೆ ಅಂತ. ಬರೆದೋರು ವಿಲಿಯಂ ಗೋಲ್ಡಿಂಗ್, 1954ರಲ್ಲಿ. ಅವರಿಗೆ ನೊಬೆಲ್ ಬಂದಿದ್ದು 1983ರಲ್ಲಿ. ನಂದು ಪಿಯುಸಿ ಇಂಗ್ಲಿಷು, ಅದೂ ಮೂವತ್ತೈದು ವರ್ಷದ ಹಿಂದಿನದು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ದಿನಾ ನಾಲ್ಕೈದು ಪುಟ, ಫೋನ್‌ನಲ್ಲಿ ಪದ ನೋಡ್ಕೊಂಡು ನೋಡ್ಕೊಂಡು ಓದಿ ಮುಗಿಸ್ದೆ. ತಿಂಗಳೇ ಹಿಡೀತು. ಆದ್ರೆ ಮುಗಿಸ್ದೆ. ಆ ನೆಂಟ್ರು ಪೂರ್ತಿ ಓದಿಲ್ಲ ಅನ್ನೋದೂ ಆಗ್ಲೇ ಗೊತ್ತಾಯ್ತು.

ಕಥೆ ಹೇಳ್ಬುಡ್ತೀನಿ. ಯುದ್ಧದ ಕಾಲ. ಇಂಗ್ಲೆಂಡಿನ ಸ್ಕೂಲ್ ಹುಡುಗ್ರನ್ನ ಸಾಗಿಸ್ತಿದ್ದ ವಿಮಾನ ಬಿದ್ದು, ಬದುಕಿದ ಹುಡುಗ್ರು ಯಾರೂ ಇಲ್ಲದ ದ್ವೀಪದಲ್ಲಿ ಉಳ್ಕೊತಾರೆ. ರಾಲ್ಫ್ ಅನ್ನೋನು ನಾಯಕ. ಶಂಖ ಕೈಲಿದ್ದೋರು ಮಾತ್ರ ಮಾತಾಡ್ಬೇಕು ಅಂತ ಕಟ್ಟುಪಾಡು. ಪಿಗ್ಗಿ ಅನ್ನೋ ದಪ್ಪಗಿರೋ ಹುಡುಗನ ಕನ್ನಡಕದ ಗಾಜಿಂದ ಬೆಂಕಿ ಹೊತ್ತಿಸಿ, ಹಡಗಿನೋರಿಗೆ ಹೊಗೆ ಕಾಣ್ಲಿ ಅಂತ ಬೆಟ್ಟದ ಮೇಲೆ ಕಾಯ್ತಾರೆ. ಜ್ಯಾಕ್ ಅನ್ನೋನಿಗೆ ಹಂದಿ ಬೇಟೆ ಹುಚ್ಚು. ಬೆಂಕಿ ಕಾಯೋ ಹುಡುಗ್ರನ್ನೂ ಬೇಟೆಗೆ ಎಳ್ಕೊಂಡೋಯ್ತಾನೆ. ಬೆಂಕಿ ಆರ್ತದೆ. ಅದೇ ಹೊತ್ಗೆ ಹಡಗು ಬಂದು ಹಂಗೇ ಹೊಂಟೋಯ್ತದೆ. ಆಮೇಲೆ ಎರಡು ಪಂಗಡ, ಮುಖಕ್ಕೆ ಬಣ್ಣ, ಕತ್ಲೇಲಿ ಭೂತದ ಭಯ. ಸೈಮನ್ ಅನ್ನೋ ಒಳ್ಳೆ ಹುಡುಗನ್ನ ಕೊಂದ್ಬುಡ್ತಾರೆ. ಪಿಗ್ಗಿ ಮೇಲೆ ಬಂಡೆ ಉರುಳಿಸ್ತಾರೆ. ಓದುವಾಗ ಹೊಟ್ಟೆ ಕಿವುಚ್ತು ಕಣ್ರವ್ವ. ಬರೆಯೋ ಕೈ ಗಟ್ಟಿ ಆ ಮನುಷ್ಯಂದು, ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಬೇರೆ. ಆ ಪುಸ್ತಕದ ಕೊನೇಲಿ ಹುಡುಗ್ರನ್ನ ಕಾಪಾಡೋಕೆ ಬರೋನು ಯಾರು ಗೊತ್ತಾ? ಯುದ್ಧದ ಹಡಗಿನ ಅಧಿಕಾರಿ. ಸೊಂಟದಲ್ಲಿ ಪಿಸ್ತೂಲು. ಐಕ್ಳು ಹಿಂಗೆ ಮಾಡ್ಬೌದಾ ಅಂತ ಬೈಯೋನು ತಾನೇ ಜನ ಕೊಲ್ಲೋ ಕೆಲ್ಸಕ್ಕೆ ಹೊಂಟವ್ನೆ. ಆ ಹುಡುಗ್ರು ಭೂತ ಅಂತ ಹೆದರಿದ್ದೂ ಯುದ್ಧದಲ್ಲಿ ಸತ್ತು ಪ್ಯಾರಾಚೂಟಲ್ಲಿ ಬಿದ್ದ ದೊಡ್ಡೋನ ಹೆಣಕ್ಕೇ. ಗೋಲ್ಡಿಂಗ್ ಸ್ವತಃ ಎರಡನೇ ಮಹಾಯುದ್ಧದಲ್ಲಿ ನೌಕಾಪಡೇಲಿದ್ದೋರು, ಮೇಷ್ಟ್ರಾಗೂ ಇದ್ದೋರು. ಅವರು ಬರೆದಿದ್ದು ಮನುಷ್ಯಜಾತಿ ಬಗ್ಗೆ, ನಮ್ಮನ್ನೂ ಸೇರಿಸ್ಕೊಂಡು. ನಮ್ಮ ನೆಂಟ್ರು ದೊಡ್ಡೋರನ್ನ ಬುಟ್ಟು ಐಕ್ಳನ್ನ ಮಾತ್ರ ಹಿಡ್ಕೊಂಡ್ರು, ಕೈಗೆ ಒಂದು ಬೆತ್ತಾನೂ ತಗಂಡ್ರು.

ಇನ್ನೊಂದು ನೋಡಿ. ಆ ದ್ವೀಪದಲ್ಲಿ ಒಂದು ಹೆಣ್ಣುಮಗು ಇಲ್ಲ. ಬೇಟೆ ಬಗ್ಗೆ ಪುಟಗಟ್ಲೆ ಅದೆ, ಅಡುಗೆ ಅಂದ್ರೆ ಹಂದಿ ಸುಡೋದೊಂದೇ. ಸಿಕ್ಕಿದ ಹಣ್ಣು ತಿಂದು ಚಿಕ್ಕ ಐಕ್ಳಿಗೆ ಹೊಟ್ಟೆ ಕೆಟ್ಟು ಭೇದಿ ಆಯ್ತದೆ, ಕೇಳೋರಿಲ್ಲ. ರಾತ್ರಿ ಹೆದ್ರಿ ಅಳ್ತವೆ, ತಟ್ಟಿ ಮಲಗ್ಸೋರಿಲ್ಲ. ಚಿಕ್ಕವಕ್ಕೆ ಮೇಲಿನ ಹಣ್ಣು ಕಿತ್ತುಕೊಡೋನು ಸೈಮನ್ ಒಬ್ಬ, ಅವನನ್ನೇ ಕೊಲ್ಲೋದು. ಒಲೆ ಆರದಂಗೆ ನೋಡ್ಕೊಳೋದು, ಚಿಕ್ಕವಕ್ಕೆ ಉಣ್ಣಿಸೋದು, ಜಗಳ ಬಿಡಿಸೋದು, ಇದ್ನೆಲ್ಲ ತೆಗೆದು ಹಾಕಿ "ನೋಡಿ ಮನುಷ್ಯನ ಸ್ವಭಾವ" ಅಂದ್ರೆ ನಾನು ಒಪ್ಪಲ್ಲ. ನಮ್ಮ ಅಡುಗೆಮನೇಲಿ ದಿನಾ ನಡೆಯೋದು ಏನು, ಅದು ಮನುಷ್ಯನ ಸ್ವಭಾವ ಅಲ್ವಾ?

ಅದೂ ಅಲ್ದೆ ಅದು ಕಟ್ಟುಕಥೆ. ನಡೆದ ಕಥೆ ಒಂದದೆ. ತಂಗಿ ಮಗಳೇ ಹೇಳಿದ್ದು. "ದೊಡ್ಡವ್ವ, ಡಚ್ಚಿನೋರು ರುಟ್ಗರ್ ಬ್ರೆಗ್ಮನ್ ಅಂತ, 2020ರಲ್ಲಿ ಅವರ ಪುಸ್ತಕ ಬಂದ ಮೇಲೆ ಇದು ಊರಿಗೆಲ್ಲ ಗೊತ್ತಾಯ್ತು, ಕೇಳು" ಅಂತ ಕುಂಡ್ರಿಸ್ಕೊಂಡು ಹೇಳಿದ್ಲು. ಶಾಂತಸಾಗರದಲ್ಲಿ ಟೋಂಗಾ ಅಂತ ದೇಶ. 1965ರಲ್ಲಿ ಆರು ಹುಡುಗ್ರು ಮೀನುಗಾರನ ದೋಣಿ ಕದ್ದು ಸಮುದ್ರಕ್ಕೆ ಹೊಂಟ್ರು. ಯಾಕೆ ಅಂತೀರಾ? ಬೋರ್ಡಿಂಗ್ ಸ್ಕೂಲು ಬ್ಯಾಸರ ಆಗಿತ್ತು, ಅಲ್ಲಿ ಊಟ ಸೇರ್ತಿರ್ಲಿಲ್ಲ. ಹಾಸ್ಟೆಲ್ ಹಾಸ್ಟೆಲ್ ಅನ್ನೋರು ಇದನ್ನ ವಸಿ ಗಮನಿಸ್ಬೇಕು. ರಾತ್ರಿ ಬಿರುಗಾಳಿ ಹೊಡೆದು ಹಾಯಿ ಹರೀತು, ಚುಕ್ಕಾಣಿ ಮುರೀತು. ಎಂಟು ದಿನ ತೇಲಿ 'ಅಟಾ' ಅನ್ನೋ ಬಂಡೆಯಂಥ ದ್ವೀಪ ಸೇರಿದ್ರು. ಅಲ್ಲಿ ಹದಿನೈದು ತಿಂಗಳು ಇದ್ರು. 1966ರ ಸೆಪ್ಟೆಂಬರಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಅನ್ನೋರು ಅವರನ್ನ ಕಂಡು ಹಡಗಿಗೆ ಹತ್ತಿಸ್ಕೊಂಡ್ರು. ಆರೂ ಜನ ಜೀವಂತ.

ಹೆಂಗಿದ್ರು ಕೇಳಿ. ಇಬ್ಬಿಬ್ರು ಒಂದು ಜೋಡಿ, ಕೆಲ್ಸಕ್ಕೆ ಪಾಳಿ. ತೋಟ, ಅಡುಗೆ, ಕಾವಲು. ಮರದ ಬೊಡ್ಡೆ ತೋಡಿ ಮಳೆ ನೀರು ತುಂಬಿಟ್ರು. ಮೊದ್ಲು ಮೀನು, ಎಳನೀರು, ಹಕ್ಕಿ ಮೊಟ್ಟೆ. ಆಮೇಲೆ ಬೆಟ್ಟದ ಮೇಲೆ ಹಳೇ ಊರಿನ ಜಾಗದಲ್ಲಿ ಕೆಸುವಿನ ಗೆಡ್ಡೆ, ಬಾಳೆ, ಕಾಡುಬಿದ್ದ ಕೋಳಿ ಸಿಕ್ಕಿದ್ವು. ಜಗಳ ಆದ್ರೆ ಆಡಿದೋರಿಬ್ರೂ ದ್ವೀಪದ ಒಂದೊಂದು ಕಡೆ ಹೋಗಿ ಕೋಪ ಇಳಿಯೋಗಂಟ ಇದ್ದು ಬರ್ಬೇಕು. ಒಬ್ಬ ಬಿದ್ದು ಕಾಲು ಮುರ್ಕೊಂಡ. ಉಳಿದೋರು ಕಡ್ಡಿ ಕಟ್ಟಿ, ಅವನ ಕೆಲ್ಸಾನೂ ತಾವೇ ಮಾಡಿದ್ರು. ಆಮೇಲೆ ಡಾಕ್ಟ್ರು ನೋಡಿದ್ರೆ ಮೂಳೆ ನೆಟ್ಟಗೆ ಕೂಡ್ಕೊಂಡಿತ್ತು. ತೆಂಗಿನ ಚಿಪ್ಪು, ಮರದ ತುಂಡು, ದೋಣಿಯ ತಂತಿ ಸೇರಿಸಿ ಗಿಟಾರ್ ಮಾಡ್ಕೊಂಡು ಪ್ರಾರ್ಥನೆ ಹಾಡ್ತಿದ್ರು. ಎಲ್ಲಕ್ಕಿಂತ ನಂಗೆ ಹಿಡಿಸಿದ್ದು ಇದು: ಹೊತ್ತಿಸಿದ ಬೆಂಕೀನ ಒಂದು ವರ್ಷದ ಮೇಲೂ ಆರಕ್ಕೆ ಬಿಡ್ಲಿಲ್ಲ. ಗೋಲ್ಡಿಂಗ್ ಹುಡುಗ್ರ ಕೈಲಿ ಒಂದು ಹಡಗು ಬರೋಗಂಟ ಆಗ್ಲಿಲ್ಲ.

ಆ ದ್ವೀಪ ಬರಿದಾಗಿದ್ದು ಯಾಕೆ ಅಂದ್ರೆ, 1863ರಲ್ಲಿ ಹಡಗಿನೋರು ಬಂದು ಅಲ್ಲಿ ಜನಾನ ಗುಲಾಮರಾಗಿ ಹಿಡ್ಕೊಂಡೋಗಿದ್ರು. ಉಳಿದೋರನ್ನ ಬೇರೆ ಕಡೆ ಸಾಗಿಸಿದ್ರು. ಮಾಡಿದೋರು ದೊಡ್ಡೋರು. ಹುಡುಗ್ರು ವಾಪಸ್ ಬಂದ್ ಕೂಡ್ಲೆ ದೋಣಿ ಕದ್ದ ಕೇಸಲ್ಲಿ ಒಳಗೆ ಹಾಕಿಸಿದೋರೂ ದೊಡ್ಡೋರೇ. ವಾರ್ನರ್ ದುಡ್ಡು ಕಟ್ಟಿ ಬಿಡಿಸ್ಬೇಕಾಯ್ತು.

ಇದಕ್ಕೆ ಎದುರು ಮಾತು ಬತ್ತದೆ, ನಂಗೊತ್ತು. "ಅವ್ರು ಆರೇ ಜನ, ಮೊದ್ಲೇ ಸ್ನೇಹಿತ್ರು, ವಯಸ್ನಲ್ಲೂ ದೊಡ್ಡೋರು" ಅಂತ. ನಿಜ. ಆ ಆರು ಜನ ಹಿಂಗಿದ್ರು ಅಂತ ಲೋಕದ ಐಕ್ಳೆಲ್ಲ ಹಂಗೇ ಅನ್ನಲ್ಲ ನಾನು. ಆದ್ರೆ ಒಂದು ತೀರ್ಮಾನ ಆಗ್ತದೆ. ಪುಸ್ತಕದಲ್ಲಿ ರೋಜರ್ ಅಂತ ಹುಡುಗ ಮೊದ್ಲು ಚಿಕ್ಕವನ ಸುತ್ತ ಬೀಳೋ ಹಂಗೆ ಕಲ್ಲೆಸೀತಾನೆ, ಮೈಗೆ ತಾಕ್ಸಲ್ಲ. ಅಪ್ಪ, ಅವ್ವ, ಪೊಲೀಸು, ಸ್ಕೂಲಿನ ಹೆದರಿಕೆ ಇನ್ನೂ ಅದೆ. ಹೆದರಿಕೆ ಹೋದ ಮೇಲೆ ಬಂಡೇನೇ ಉರುಳಿಸ್ತಾನೆ. ನಮ್ಮ ನೆಂಟ್ರ ವಾದ ನಿಂತಿರೋದು ಇದ್ರ ಮೇಲೆ. ಅಟಾ ದ್ವೀಪದಲ್ಲೂ ಹೆದ್ರಿಸೋರು ಯಾರಿರ್ಲಿಲ್ಲ. ಅವರನ್ನ ಹಿಡಿದಿಟ್ಟಿದ್ದು ಪಾಳಿ, ಪ್ರಾರ್ಥನೆ, ಹಾಡು, ಒಬ್ರ ಮೇಲೊಬ್ರಿಗಿದ್ದ ಅಕ್ಕರೆ. ಬರೀ ಹೆದರಿಕೇಲಿ ಬೆಳೆಸಿದ ಮಗುಗೆ ಹೆದ್ರಿಸೋನು ಇಲ್ದಾಗ ಏನೂ ಉಳಿಯಲ್ಲ. ರೋಜರ್ ಕಥೆ ಬೆತ್ತಕ್ಕೆ ಸಾಕ್ಷಿ ಅಲ್ಲ, ಬೆತ್ತದ ವಿರುದ್ಧ ಸಾಕ್ಷಿ.

ದೂರ ಯಾಕೆ, ನಮ್ಮನೇದೇ ಹೇಳ್ತೀನಿ. ನಂಗೆ ಹನ್ನೊಂದು ವರ್ಷ ಇದ್ದಾಗ ನಮ್ಮವ್ವಂಗೆ ಹೆರಿಗೆ ನೋವು ಬಂದು, ಅಪ್ಪ ಗಾಡಿ ಕಟ್ಕೊಂಡು ಮದ್ದೂರಿಗೆ ಕರ್ಕೊಂಡೋದ್ರು. ಮಳೆ ಹಿಡ್ಕೊಂಡು ಮೂರು ರಾತ್ರಿ ಬರಕ್ಕಾಗ್ಲಿಲ್ಲ. ಮನೇಲಿ ನಾವು ನಾಲ್ಕು ಐಕ್ಳು, ಎರಡು ಹಸ. ಬೆಂಕಿಪೊಟ್ಣ ನೆಂದೋಗಿತ್ತು. ಕೆಂಡ ಬೂದಿಲಿ ಮುಚ್ಚಿಟ್ಟು, ನಾನೂ ತಮ್ಮನೂ ಸರದೀಲಿ ಎದ್ದು ನೋಡ್ಕೊಂಡೋ. ನಾನು ಕಟ್ಟಿದ ಮುದ್ದೆ ಗಂಟು ಗಂಟು. ತಮ್ಮ ಬೆಲ್ಲದಚ್ಚು ಕದ್ದು ಗುಡಾಣದಲ್ಲಿ ಬಚ್ಚಿಟ್ಟ. ಸಿಕ್ಕಿಬಿದ್ದ ಮೇಲೆ ಅವನಿಗೆ ಸಗಣಿ ಬಾಚೋ ಕೆಲ್ಸ. ಚಿಕ್ಕೋಳನ್ನ ಗುಮ್ಮ ಬತ್ತದೆ ಅಂತ ಅಳಿಸಿದ್ದೂ ಉಂಟು, ಸುಳ್ಳು ಹೇಳಲ್ಲ. ಐಕ್ಳು ದೇವ್ರಲ್ಲ. ತೊದಲೋ ಹುಡುಗನ್ನ, ಕನ್ನಡಕದ ಹುಡುಗನ್ನ ಆಡ್ಕೊಳೋದು ನಾನೂ ಕಂಡಿವ್ನಿ. ಆದ್ರೆ ಅವ್ವ ಬಂದಾಗ ಒಲೇಲಿ ಕೆಂಡ ಇತ್ತು. ಮಗೂಗೆ ಬಿಸ್ನೀರು ಕಾಯಿಸ್ಕೊಟ್ಟೋ.

ಇನ್ನೊಂದು ಹೇಳೋದು ಕಷ್ಟ. ನಮ್ಮ ದೊಡ್ಡವನು ಒಂಬತ್ತು ವರ್ಷದೋನಿದ್ದಾಗ ತಮ್ಮನ್ನ ಹೊಡೆದ ಅಂತ ನಾನು ಒಲೆ ಊದೋ ಕೊಳವೇಲಿ ಅವನಿಗೆ ಬಾರಿಸ್ದೆ. ಮೊಣಕೈ ಮೇಲೆ ಗುರುತು ಈಗ್ಲೂ ಅದೆ. ಮಾರನೇ ದಿನ ಕೊಟ್ಗೇಲಿ ಸದ್ದಾಯ್ತು ಅಂತ ಹೋದ್ರೆ, ಅದೇ ಕೊಳವೆ ತಗಂಡು ಕರೂಗೆ ಹೊಡೀತಾ ಅವ್ನೆ. "ಮಾತ್ ಕೇಳ್ತೀಯಾ, ಮಾತ್ ಕೇಳ್ತೀಯಾ" ಅಂತ. ಹಿಂದಿನ ದಿನ ನಾನಂದ ಮಾತು, ನನ್ನ ದನೀಲೇ. ಆ ಮೃಗ ಅವನ ಹೊಟ್ಟೇಲಿ ಹುಟ್ಟಿದ್ದಲ್ಲ. ನಾನು ಕೈಯಾರೆ ಕೊಟ್ಟಿದ್ದು. ಪುಸ್ತಕ ಮುಗಿಸಿದ ದಿನ ಅವನಿಗೆ ಫೋನ್ ಮಾಡಿ ತಪ್ಪಾಯ್ತು ಕಣ್ಲಾ ಅಂದೆ. "ನಂಗೆ ನೆನಪೇ ಇಲ್ಲ ಬುಡವ್ವ" ಅಂದ. ನೆನಪಿದೆ ಅಂತ ನಂಗೆ ಗೊತ್ತು.

ದೊಡ್ಡೋರ ಸುದ್ದಿ ಬಂತಲ್ಲ, 2016ರ ಸೆಪ್ಟೆಂಬರ್ ನೆನೆಸ್ಕೊಳಿ. ಕಾವೇರಿ ನೀರಿನ ಗಲಾಟೆ. ನೀರು ನಮ್ಮ ಹೊಟ್ಟೆಪಾಡು, ನಾನೂ ಕಬ್ಬು ಬೆಳೆಯೋರ ಮನೆ ಸೊಸೆ, ಹೋರಾಟ ಬ್ಯಾಡ ಅನ್ನಲ್ಲ. ಆದ್ರೆ ಬೆಂಗಳೂರಲ್ಲಿ ತಮಿಳುನಾಡಿನ ನಂಬರ್ ನೋಡಿ ಹತ್ತಾರು ಬಸ್ಸಿಗೆ ಬೆಂಕಿ ಇಟ್ರಲ್ಲ, ಅವ್ರಲ್ಲಿ ಏಳು ವರ್ಷದೋರು ಎಷ್ಟು ಜನ ಇದ್ರು? ಟಿವೀಲಿ ಅದನ್ನ ನೋಡ್ತಾ ನಮ್ಮ ಐಕ್ಳು ಕುಂತಿದ್ವು. ಮುಖಕ್ಕೆ ಬಣ್ಣ ಬಳ್ಕೊಳೋದು ಅವು ದ್ವೀಪಕ್ಕೆ ಹೋಗಿ ಕಲೀಬೇಕಾ?

ಐಕ್ಳಿಗೆ ಜವಾಬ್ದಾರಿ ಕೊಟ್ರೆ ಏನಾಯ್ತದೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಅದೆ. 1990ರಲ್ಲಿ ದುಡಿಯೋ ಮಕ್ಕಳೇ ಸೇರಿ 'ಭೀಮ ಸಂಘ' ಕಟ್ಕೊಂಡ್ರು. ಆಮೇಲೆ ಕುಂದಾಪುರದ ಕಡೆ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿ ಬಂತು. ಮಕ್ಕಳೇ ಓಟು ಹಾಕಿ ಸದಸ್ಯರನ್ನ ಆರಿಸಿ, ತಮ್ಮ ತೊಂದ್ರೆಗಳನ್ನ ದೊಡ್ಡೋರ ಪಂಚಾಯಿತಿ ಮುಂದೆ ಇಟ್ರು. 2006ರಲ್ಲಿ ಸರ್ಕಾರ ಎಲ್ಲ ಗ್ರಾಮ ಪಂಚಾಯಿತೀಲೂ ಮಕ್ಕಳ ಗ್ರಾಮಸಭೆ ಮಾಡಿ ಅಂತ ಹೇಳ್ತು. ಗೋಲ್ಡಿಂಗ್ ಹುಡುಗ್ರ ಕೈಲಿ ಒಡೆದುಹೋದ ಶಂಖ ಇಲ್ಲಿ ಮೈಕಾಗದೆ. ಮುಂದಿನ ಸಭೆಗೆ ನೀವೂ ಹೋಗಿ ಹಿಂದೆ ಕುಂತು ಕೇಳಿ, ಅವು ಏನ್ ಕೇಳ್ತವೆ ಅಂತ.

ಸ್ಕೂಲಲ್ಲಿ ಹೊಡೆಯೋದು ಕಾನೂನಿಗೇ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳ ಮೈಗೂ ಮನಸ್ಸಿಗೂ ಹಿಂಸೆ ಕೊಡಕೂಡದು ಅನ್ನುತ್ತೆ. ಆದ್ರೂ "ಅಲ್ಲಿ ಚೆನ್ನಾಗಿ ಬಾರಿಸ್ತಾರಂತೆ" ಅನ್ನೋದನ್ನ ಸರ್ಟಿಫಿಕೇಟ್ ಥರ ಹೇಳ್ಕೊಂಡು ತಿರುಗೋರು ನಾವೇ, ಹೆಂಗಸ್ರೇ. ಅದನ್ನ ಒಪ್ಕೊಳನ.

ಮಗಳು ಅರ್ಜಿ ತುಂಬಿಟ್ಟವ್ಳೆ, ಇನ್ನೂ ಕೊಟ್ಟಿಲ್ಲ. ತೀರ್ಮಾನ ಅವಳ್ದು, ಅಳಿಯಂದ್ರದು. ದೂರದ ಕೆಲ್ಸ, ನೋಡ್ಕೊಳೋರಿಲ್ಲ ಅಂತ ಹಾಸ್ಟೆಲ್‌ಗೆ ಹಾಕಿದ್ರೆ ನಾನು ಏನೂ ಅನ್ನಲ್ಲ, ಬಡವರ ಮನೆ ಎಷ್ಟೋ ಮಕ್ಕಳು ಹಾಸ್ಟೆಲ್ಲಲ್ಲೇ ಓದಿ ಮುಂದೆ ಬಂದವೆ. ಆದ್ರೆ ಅವನು ಮೃಗ ಅಂತ ಹಾಕ್ಬ್ಯಾಡ. ಏಟು ಬೀಳೋ ಕಡೆ ಹುಡುಕಿ ಹಾಕ್ಬ್ಯಾಡ. ಅವಳಿಗೆ ಫೋನ್ ಮಾಡಿ "ಹಾಕ್ಬುಡು, ಹಾಕ್ಬುಡು" ಅಂತ ಒತ್ತಾಯ ಮಾಡ್ತಿರೋ ಅಕ್ಕದಿರೇ, ನಿಮ್ಮ ಹೆಸ್ರೂ ನಂಗೊತ್ತು, ಈ ಬರಹ ನಿಮಗೇ.

ಈ ಸಲ ಬೇಸಿಗೆ ರಜೇಲಿ ಮೊಮ್ಮಗ ನಿಡಘಟ್ಟಕ್ಕೆ ಬತ್ತಾ ಅವ್ನೆ. ಓರಗೆ ಐಕ್ಳೂ ಬತ್ತವೆ. ಹಿತ್ಲಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡ್ಕೊಡ್ತೀನಿ, ಪಾಳಿ ಅವೇ ಹಾಕ್ಕೊಳ್ಳಿ. ಅನ್ನ ಸೀದ್ರೆ ಸೀಯ್ಲಿ. ನಾನು ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕುಂತಿರ್ತೀನಿ. ಆ ನೆಂಟ್ರೂ ಬರ್ಲಿ, ಎಲೆ ಹಾಕ್ತೀನಿ. ಐಕ್ಳೇ ಬಡಿಸ್ತವೆ.